ದ್ರಾಕ್ಷಿ ಬಳ್ಳಿಗೆ ಕತ್ತರಿ ಹಾಕಲೇಬೇಕು

"ಬಳ್ಳಿ ಚೆನ್ನಾಗಿ ಹಬ್ಬಿದೆ, ಹಣ್ಣೇ ಬಿಡ್ತಿಲ್ಲ." ಮನೆಯಂಗಳದಲ್ಲಿ ದ್ರಾಕ್ಷಿ ಹಾಕಿದವರಿಂದ ನಾನು ಹೆಚ್ಚಾಗಿ ಕೇಳುವ ದೂರು ಇದು. ಗೊಬ್ಬರ ಏನು ಹಾಕಿದಿರಿ ಅಂತ ನಾನು ಕೇಳುವುದಿಲ್ಲ. ಕತ್ತರಿ ಯಾವಾಗ ಹಾಕಿದಿರಿ ಅಂತ ಕೇಳುತ್ತೇನೆ.

ನಾನು ಬಳ್ಳಿ ಎಬ್ಬಿಸಿದ್ದು ಕಡ್ಡಿಯಿಂದ. ಹಿಂದಿನ ಹಂಗಾಮಿನಲ್ಲಿ ಬೆಳೆದು ಕಂದು ಬಣ್ಣಕ್ಕೆ ತಿರುಗಿದ, ಪೆನ್ಸಿಲ್ ದಪ್ಪದ ಕಡ್ಡಿ. ಮೂರ್ನಾಲ್ಕು ಕಣ್ಣು, ಅಂದರೆ ಚಿಗುರು ಹೊರಡುವ ಮೊಗ್ಗು, ಇದ್ದರೆ ಸಾಕು. ಬುಡವನ್ನು ಕಣ್ಣಿನ ಕೆಳಗೆ ನೇರವಾಗಿ, ತುದಿಯನ್ನು ಓರೆಯಾಗಿ ಕತ್ತರಿಸಿದೆ. ಆಗ ತಲೆಕೆಳಗಾಗಿ ನೆಡುವ ಭಯ ಇರುವುದಿಲ್ಲ. ಎಲೆ ಬಂದ ಕೂಡಲೇ ಬೇರೂ ಬಂದಿದೆ ಅಂದುಕೊಳ್ಳಬೇಡಿ. ಮೊದಲ ಎಲೆಗಳು ಕಡ್ಡಿಯೊಳಗಿನ ಆಹಾರದಿಂದಲೇ ಹೊರಡುತ್ತವೆ. ಎಳೆದು ನೋಡುವ ಚಪಲ ಇದ್ದರೆ ತಡೆದುಕೊಳ್ಳಿ.

ಜಾಗಕ್ಕೆ ದಿನಕ್ಕೆ ಏಳೆಂಟು ಗಂಟೆ ಬಿಸಿಲು ಬೇಕು, ನೀರು ನಿಲ್ಲಬಾರದು. ಮೊದಲ ವರ್ಷ ಒಂದೇ ಕಾಂಡವನ್ನು ಕೋಲಿಗೆ ಕಟ್ಟಿ ಮೇಲೆ ಹತ್ತಿಸಿದೆ, ಪಕ್ಕದ ಚಿಗುರೆಲ್ಲ ಚಿವುಟಿದೆ. ಚಪ್ಪರ ಮುಟ್ಟುವ ಹೊತ್ತಿಗೆ ತುದಿ ಮುರಿದು ಎರಡು ಪಕ್ಕಕ್ಕೆ ಎರಡು ಕವಲು, ಅಂದರೆ ತೋಳು, ಬಿಟ್ಟೆ.

ಇನ್ನು ಚಾಟನಿ, ಅಂದರೆ ಬಳ್ಳಿಯನ್ನು ಕತ್ತರಿಸಿ ಸವರುವುದು. ದ್ರಾಕ್ಷಿ ಗೊಂಚಲು ಬರುವುದು ಹೊಸ ಚಿಗುರಿನಲ್ಲಿ. ಆದರೆ ಆ ಚಿಗುರು ಹಿಂದಿನ ಹಂಗಾಮಿನ ಕಡ್ಡಿಯ ಕಣ್ಣಿನಿಂದ ಹೊರಡಬೇಕು. ಹಳೇ ದಪ್ಪ ಕಾಂಡದಿಂದ ಬಂದ ಚಿಗುರು ಸಾಮಾನ್ಯವಾಗಿ ಬರೀ ಎಲೆ ಕೊಡುತ್ತದೆ. ಕತ್ತರಿಸದೇ ಬಿಟ್ಟರೆ ಫಲ ಕೊಡುವ ಕಡ್ಡಿ ವರ್ಷ ವರ್ಷ ಬುಡದಿಂದ ದೂರ ಹೋಗುತ್ತದೆ, ನಡುವೆ ನೆರಳೇ ಜಾಸ್ತಿ. ಹಾಗಾಗಿ ಬೆಳೆದದ್ದರಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚೇ ತೆಗೆದುಬಿಡುತ್ತೇನೆ. ನೋಡಿದವರು ಬಳ್ಳಿ ಸತ್ತೇಹೋಯಿತು ಅಂದುಕೊಳ್ಳುತ್ತಾರೆ!

ಎಷ್ಟು ಕಣ್ಣು ಉಳಿಸಬೇಕು ಅನ್ನುವುದು ತಳಿಯ ಮೇಲೆ ಹೋಗುತ್ತದೆ. ಕೆಲವಕ್ಕೆ ಎರಡು ಕಣ್ಣಿನ ಗಿಡ್ಡ ಕಡ್ಡಿ ಸಾಕು. ಥಾಮ್ಸನ್ ಸೀಡ್‌ಲೆಸ್‌ಗೆ ಅದು ಆಗದು, ಬುಡದ ಕಣ್ಣುಗಳಲ್ಲಿ ಗೊಂಚಲು ಅಪರೂಪ. ಅದಕ್ಕೆ ಉದ್ದ ಕಡ್ಡಿ ಬಿಡಬೇಕು. ಚಳಿಗಾಲದಲ್ಲಿ ಎಲೆ ಉದುರಿಸಿ ಮಲಗುವ ಬಳ್ಳಿಗೆ ಮಲಗಿದ್ದಾಗ ಒಂದು ಚಾಟನಿ. ಮಲಗದೇ ಬೆಳೆಯುತ್ತಲೇ ಇರುವ ಬಿಸಿ ಹವೆಯಲ್ಲಿ ವರ್ಷಕ್ಕೆ ಎರಡು: ಒಂದು ಕಡ್ಡಿ ಬೆಳೆಸಲು, ಇನ್ನೊಂದು ಹಣ್ಣಿಗೆ. ಕತ್ತರಿಸಿದ ಜಾಗದಿಂದ ಕೆಲವೊಮ್ಮೆ ನೀರು ತೊಟ್ಟಿಕ್ಕುತ್ತದೆ. ಗಾಬರಿ ಬೇಡ, ಬೇರು ಕೆಲಸ ಶುರು ಮಾಡಿದೆ ಅಷ್ಟೇ.

ರೋಗದಲ್ಲಿ ಎರಡನ್ನು ಗುರುತಿಸಲು ಬಂದರೆ ಬಹಳಷ್ಟು ಆಯಿತು. ಎಲೆ ಮೇಲೆ, ಕಾಯಿ ಮೇಲೆ ಬೂದಿ ಎರಚಿದಂತಿದ್ದರೆ ಬೂದಿ ರೋಗ. ಇದಕ್ಕೆ ಗಂಧಕ ನಡೆಯುತ್ತದೆ, ಆದರೆ 32 ಡಿಗ್ರಿ ದಾಟಿದ ಬಿಸಿಲಲ್ಲಿ ಹೊಡೆದರೆ ಎಲೆ ಸುಡುತ್ತದೆ. ಎಲೆಯ ಮೇಲೆ ಎಣ್ಣೆ ಕಲೆ, ಅಡಿಯಲ್ಲಿ ಬಿಳಿ ಬೂಜು ಕಂಡರೆ ಅದು ಡೌನಿ ಅನ್ನುವ ಬೂಜು ರೋಗ. ಗಂಧಕಕ್ಕೆ ಬಗ್ಗುವುದಿಲ್ಲ. ಒದ್ದೆ ಎಲೆಯೇ ಅದಕ್ಕೆ ದಾರಿ. ಅದಕ್ಕೇ ನಾನು ನೀರನ್ನು ಬುಡಕ್ಕಷ್ಟೇ ಬಿಡುತ್ತೇನೆ, ಗೊಂಚಲಿನ ಸುತ್ತ ಎಲೆ ಒಂದಿಷ್ಟು ಕಿತ್ತು ಗಾಳಿಯಾಡಲು ಬಿಡುತ್ತೇನೆ.

ಕಾಯಿ ಬಣ್ಣ ತಿರುಗುವಾಗ ನೀರು ಕಡಿಮೆ ಮಾಡಿ ಬಲೆ ಹೊದಿಸಬೇಕು. ಹಕ್ಕಿಗಳು ನಮಗಿಂತ ಮೊದಲೇ ರುಚಿ ನೋಡುತ್ತವೆ. ಬಣ್ಣ ಬಂದ ಮಾತ್ರಕ್ಕೆ ಕೊಯ್ಯಬೇಡಿ, ಕಿತ್ತ ಮೇಲೆ ದ್ರಾಕ್ಷಿ ಹಣ್ಣಾಗುವುದಿಲ್ಲ. ಗೊಂಚಲಿನ ತುದಿ ಕೊನೆಗೆ ಮಾಗುವುದರಿಂದ ನಾನು ಅಲ್ಲಿಯದೇ ಒಂದು ಬಾಯಿಗೆ ಹಾಕಿ ನೋಡುತ್ತೇನೆ. ಹುಳಿ ಇದ್ದರೆ ಬಲೆ ಮತ್ತೆ ಕಟ್ಟುತ್ತೇನೆ.