ಓಯಿರಾನ್ ಯಾರು, ಗೇಯ್ಶಾ ಯಾರು: ಚಿತ್ರ ನೋಡಿ ಗುರುತಿಸುವ ಬಗೆ

ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ದರ್ಪಣಸುಂದರಿಯನ್ನು ಕೈಯ ಕನ್ನಡಿಯಿಂದಲೇ ಗುರುತಿಸುವ ಹಾಸನದವರಿಗೆ, ಜಪಾನಿನ ಹಳೆಯ ಚಿತ್ರಗಳಲ್ಲಿ ಓಯಿರಾನ್ ಎಂಬ ಉನ್ನತ ದರ್ಜೆಯ ಗಣಿಕೆಯನ್ನೂ ಗೇಯ್ಶಾ ಎಂಬ ಕಲಾವಿದೆಯನ್ನೂ ಬೇರೆ ಮಾಡಿ ನೋಡುವುದು ಕಷ್ಟವಾಗಲಾರದು. ಬಿಳಿ ಬಳಿದ ಮುಖವನ್ನು ಮಾತ್ರ ನಂಬಬಾರದು. ಅದು ಇಬ್ಬರಲ್ಲೂ ಉಂಟು.

ಮೊದಲು ನಡುಪಟ್ಟಿಯನ್ನು ನೋಡಬೇಕು. ‘ಓಬಿ’ ಎನ್ನುವ ಈ ಪಟ್ಟಿಯ ದೊಡ್ಡ ಗಂಟು ಮುಂದೆ, ಹೊಟ್ಟೆಯ ಮೇಲೆ ಇಳಿಬಿದ್ದಿದ್ದರೆ ಆಕೆ ಓಯಿರಾನ್ ಆಗಿರುವ ಸಂಭವವೇ ಹೆಚ್ಚು. ಗೇಯ್ಶಾ ಅದನ್ನು ಬೆನ್ನಿಗೆ ಕಟ್ಟುತ್ತಾಳೆ. ಬಳಿಕ ಪಾದಗಳನ್ನು ಗಮನಿಸಿ. ಓಯಿರಾನ್ ಚಳಿಗಾಲದಲ್ಲೂ ಕಾಲುಚೀಲವಿಲ್ಲದೆ, ಬಹಳ ಎತ್ತರದ ಕಪ್ಪು ಮರದ ಪಾದುಕೆಗಳನ್ನು ಮೆಟ್ಟಿ, ಕಾಲನ್ನು ಅರ್ಧವೃತ್ತವಾಗಿ ಎಳೆಯುತ್ತ ಮೆರವಣಿಗೆಯಲ್ಲಿ ನಡೆಯುತ್ತಿದ್ದಳು. ಗೇಯ್ಶಾಳ ಕಾಲಲ್ಲಿ ಸಾಮಾನ್ಯವಾಗಿ ಬಿಳಿಯ ಕಾಲುಚೀಲವಿರುತ್ತದೆ. ಮುಡಿಯಲ್ಲಿ ಕಿರಣಗಳಂತೆ ಹರಡಿದ ಕಡ್ಡಿಗಳೂ ಓಯಿರಾನ್‌ಳ ಗುರುತೇ. ಆದರೆ ಮೈಕೋ ಎಂಬ, ಗೇಯ್ಶಾ ಆಗಲು ಕಲಿಯುತ್ತಿರುವ ಕಿರಿಯ ಶಿಷ್ಯೆ ಹೂವಿನ ಆಭರಣ ಮುಡಿದು ನೋಡುಗರನ್ನು ದಾರಿತಪ್ಪಿಸುತ್ತಾಳೆ. ಆಗ ಓಬಿಯನ್ನೇ ಪ್ರಮಾಣವಾಗಿ ಹಿಡಿಯುವುದು ಲೇಸು.

ಉಡುಗೆಯ ಹಿಂದೆ ವೃತ್ತಿಭೇದವಿದೆ. 1617ರಲ್ಲಿ ಎಡೊ ನಗರದ (ಇಂದಿನ ಟೋಕಿಯೊ) ಯೋಶಿವಾರ ಎಂಬ ಗಣಿಕೆಯರ ಕೇರಿಗೆ ಸರ್ಕಾರದ ಪರವಾನಗಿ ದೊರೆಯಿತು. ಓಯಿರಾನ್‌ಳು ಅಲ್ಲಿ ಸಾಲದ ಕರಾರಿಗೆ ಸಿಕ್ಕಿದ್ದ ಹೆಣ್ಣು, ವೈಭವವೆಲ್ಲ ಗಣಿಕಾಗೃಹದ ಒಡೆಯನ ಲಾಭಕ್ಕೆ. ಗೇಯ್ಶಾ ಎಂದರೆ ಕಲೆಯ ವ್ಯಕ್ತಿ. ಆರಂಭದಲ್ಲಿ ಗಂಡಸರೇ ಈ ಕೆಲಸ ಮಾಡುತ್ತಿದ್ದರು ಎಂಬುದು ಹಲವರಿಗೆ ಅಚ್ಚರಿ ತರುತ್ತದೆ. 1779ರಲ್ಲಿ ಯೋಶಿವಾರದಲ್ಲಿ ಗೇಯ್ಶಾಗಳ ನೋಂದಣಿ ಕಚೇರಿ ಏರ್ಪಟ್ಟು, ಗಣಿಕೆಯರ ಗಿರಾಕಿಗಳೊಂದಿಗೆ ಮಲಗುವುದನ್ನು ಅವರಿಗೆ ನಿಷೇಧಿಸಲಾಯಿತು. ನಿಯಮ ಎಲ್ಲೆಡೆ ಪಾಲನೆಯಾಗಲಿಲ್ಲವೆನ್ನಿ. ಕ್ಯೋಟೋದಲ್ಲಿ ಗೇಯ್ಶಾಗಳು ಇಂದಿಗೂ ಶಾಮಿಸೆನ್ ಎಂಬ ಮೂರು ತಂತಿಯ ವಾದ್ಯದ ವಾದನ, ನೃತ್ಯಗಳಿಂದ ಜೀವನ ನಡೆಸುತ್ತಾರೆ. ಓಯಿರಾನ್ ಉಳಿದಿರುವುದು ಉತ್ಸವದ ವೇಷವಾಗಿ.