ಮರಿ ಹಾಕುವ ಮುನ್ನ ಬೀಡಾಡಿ ಬೆಕ್ಕಿನ ಆರೈಕೆ

ಕಾಸರಗೋಡಿನ ತೋಟದ ಮನೆಗಳಲ್ಲಿ, ಮಳೆ ಹಿಡಿಯುವ ಹೊತ್ತಿಗೆ ಗಬ್ಬದ ಬೀಡಾಡಿ ಬೆಕ್ಕೊಂದು ಸೌದೆ ಕೊಟ್ಟಿಗೆಗೆ ಬಂದು ಸೇರಿಕೊಳ್ಳುವುದು ಹೊಸತಲ್ಲ. ಮನುಷ್ಯರ ಕೈಯಲ್ಲಿ ಬೆಳೆಯದ ಇಂತಹ ಪುಚ್ಚೆಯನ್ನು ಮನೆಯೊಳಗೆ ತಂದವರು ಅದನ್ನು ಎತ್ತಿ ಮುದ್ದಿಸಲು ಅಥವಾ ಹೊಟ್ಟೆ ಒತ್ತಿ ಮರಿಗಳನ್ನು ಎಣಿಸಲು ಹೋಗಬಾರದು. ಅದಕ್ಕೆ ಮೊದಲು ಬೇಕಾದದ್ದು ಅಡಗಿ ಕೂರಲು ಒಂದು ಮರೆ.

ಜನರ ಓಡಾಟವಿಲ್ಲದ, ಕಿಟಕಿಗೆ ಬಲೆಯಿರುವ ಸಣ್ಣ ಕೋಣೆ ಸಾಕು. ಆದರೆ ಅಡಿಕೆಯ ಕೊಳೆರೋಗಕ್ಕೆ ಸಿಂಪಡಿಸುವ ಮೈಲುತುತ್ತು, ಕೀಟನಾಶಕ, ಗೊಬ್ಬರಗಳನ್ನು ಇಟ್ಟ ಕೊಟ್ಟಿಗೆ ಬೇಡವೇ ಬೇಡ. ಬೆಕ್ಕು ಪಾದವನ್ನು ನೆಕ್ಕುವ ಪ್ರಾಣಿಯಾದುದರಿಂದ ನೆಲದ ಮೇಲಿನ ವಿಷವೆಲ್ಲ ಅದರ ಹೊಟ್ಟೆ ಸೇರುತ್ತದೆ. ಇದೇ ಕಾರಣಕ್ಕೆ ನೆಲವನ್ನು ಫಿನೈಲಿನಿಂದ ಒರಸಬಾರದು. ರಟ್ಟಿನ ಪೆಟ್ಟಿಗೆಯ ಒಂದು ಬದಿಯಲ್ಲಿ, ಮರಿಗಳು ಹೊರಗೆ ಉರುಳದಂತೆ ನಾಲ್ಕು ಬೆರಳು ಹೊಸ್ತಿಲು ಬಿಟ್ಟು ಬಾಗಿಲು ಕತ್ತರಿಸಿ, ಒಳಗೆ ಕಾಗದವನ್ನೂ ಹಳೆಯ ಹತ್ತಿ ಬಟ್ಟೆಯನ್ನೂ ಹಾಸಿ, ಮಳೆಗಾಲದ ತಂಪು ಏರದಂತೆ ಹಲಗೆಯ ಮೇಲಿಡಬೇಕು. ಬೆಕ್ಕು ಮರಿಗಳನ್ನು ಏಳು ಮನೆ ತಿರುಗಿಸುತ್ತದೆ ಎಂದು ಹಿರಿಯರು ಹೇಳುವುದುಂಟು. ಗದ್ದಲ ಕಂಡಾಗ ಅದು ನಿಜವಾಗಿಯೂ ಜಾಗ ಬದಲಿಸುತ್ತದೆ. ಆದುದರಿಂದ ಎರಡು ಮೂಲೆಗಳಲ್ಲಿ ಎರಡು ಪೆಟ್ಟಿಗೆಗಳನ್ನಿಟ್ಟು ಆಯ್ಕೆಯನ್ನು ಅದಕ್ಕೇ ಬಿಡುವುದು ಒಳ್ಳೆಯದು.

ಮಲಮೂತ್ರಕ್ಕೆ ಅಗಲವಾದ ಬೋಗುಣಿಯಲ್ಲಿ ಹೊಯಿಗೆ ತುಂಬಿ, ಊಟದ ಜಾಗದಿಂದ ದೂರವಿಡಿ. ಅದನ್ನು ದಿನವೂ ಶುಚಿಗೊಳಿಸಬೇಕು. ಬೆಕ್ಕಿನ ಮಲದಿಂದ ಹರಡಿ ಹೊಟ್ಟೆಯಲ್ಲಿರುವ ಮಗುವಿಗೆ ಹಾನಿ ಮಾಡಬಲ್ಲ ಟಾಕ್ಸೊಪ್ಲಾಸ್ಮಾ ಎಂಬ ಸೋಂಕಿನ ಭಯವಿರುವುದರಿಂದ ಮನೆಯ ಗರ್ಭಿಣಿಯರು ಈ ಕೆಲಸಕ್ಕೆ ಕೈ ಹಾಕಬಾರದು.

ಬೆಕ್ಕಿನ ಗರ್ಭಾವಧಿ ಸುಮಾರು 63ರಿಂದ 65 ದಿನ. ಮೂರನೆಯ ವಾರದಲ್ಲಿ ಮೊಲೆತೊಟ್ಟುಗಳು ಗುಲಾಬಿ ಬಣ್ಣಕ್ಕೆ ತಿರುಗುತ್ತವೆ, ಐದನೆಯ ವಾರದಿಂದ ಹೊಟ್ಟೆ ಎದ್ದು ಕಾಣುತ್ತದೆ. ಕೊನೆಯ ವಾರಗಳಲ್ಲಿ ಅದಕ್ಕೆ ಎಂದಿನ ಒಂದೂವರೆ ಪಾಲು ಆಹಾರ ಬೇಕಾದರೂ ಹೊಟ್ಟೆಯಲ್ಲಿ ಜಾಗವಿರುವುದಿಲ್ಲವಾದ್ದರಿಂದ, ಸ್ವಲ್ಪ ಸ್ವಲ್ಪವಾಗಿ ನಾಲ್ಕಾರು ಬಾರಿ ಬಡಿಸಬೇಕು. ಮರಿಬೆಕ್ಕುಗಳಿಗೆಂದು ಸಿಗುವ ಸಿದ್ಧ ಆಹಾರವೇ ಈಗ ತಾಯಿಗೂ ಉತ್ತಮ. ಜೊತೆಗೆ ಉಪ್ಪು ಮಸಾಲೆಯಿಲ್ಲದೆ ಬೇಯಿಸಿ ಮುಳ್ಳು ತೆಗೆದ ಬೂತಾಯಿ, ಬೇಯಿಸಿದ ಕೋಳಿ ಅಥವಾ ಮೊಟ್ಟೆ ಕೊಡಬಹುದು. ಹಸಿ ಮೀನು ಬೇಡ. ದನದ ಹಾಲಿನಿಂದ ಬಹಳ ಬೆಕ್ಕುಗಳಿಗೆ ಭೇದಿಯಾಗುತ್ತದೆ, ನೀರೇ ಸಾಕು. ಇರುವೆ ಮುತ್ತದಂತೆ ಊಟದ ತಟ್ಟೆಯನ್ನು ನೀರಿನ ತಟ್ಟೆಯೊಳಗೆ ಇಡಿ.

ಜಂತುಹುಳು, ಚಿಗಟ, ಲಸಿಕೆ ಇವುಗಳ ವಿಷಯದಲ್ಲಿ ಪಶುವೈದ್ಯರಿಗೆ ಬೆಕ್ಕು ಗಬ್ಬವಾಗಿದೆ ಎಂದು ಮೊದಲೇ ಹೇಳಬೇಕು, ಏಕೆಂದರೆ ಕೆಲವು ಲಸಿಕೆಗಳು ಗರ್ಭದ ಮರಿಗಳಿಗೆ ಹಾನಿ ಮಾಡುತ್ತವೆ. ನಾಯಿಗೆ ಹಚ್ಚುವ ಪರ್ಮೆಥ್ರಿನ್ ಔಷಧ ಮತ್ತು ನಮ್ಮ ಪ್ಯಾರಾಸಿಟಮಾಲ್ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲವು. ಅದು ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ ರೇಬೀಸ್ ಲಸಿಕೆಯ ಬಗ್ಗೆ ಕೇಳಬೇಕು.

ಹೆರಿಗೆ ಹತ್ತಿರವಾದಾಗ ಬೆಕ್ಕು ಊಟ ಬಿಟ್ಟು, ಹಾಸಿದ ಬಟ್ಟೆಯನ್ನು ಕೆದಕುತ್ತಾ ಪೆಟ್ಟಿಗೆಯೊಳಗೆ ಹೊರಗೆ ಓಡಾಡುತ್ತದೆ. ಆಗ ದೂರದಿಂದಲೇ ಗಮನಿಸಿ. ಮರಿ ಬರುವ ಮುನ್ನವೇ ದುರ್ವಾಸನೆಯ ಸ್ರಾವ ಅಥವಾ ಧಾರಾಳ ರಕ್ತ ಕಂಡರೆ, ಅರ್ಧ ಗಂಟೆ ಬಲವಾಗಿ ಮುಕ್ಕಿದರೂ ಮರಿ ಬಾರದಿದ್ದರೆ, ತಡಮಾಡದೆ ಮೃಗಾಸ್ಪತ್ರೆಗೆ ಒಯ್ಯಬೇಕು. ಆ ಗಳಿಗೆಯಲ್ಲಿ ಹೆದರಿದ ಬೆಕ್ಕನ್ನು ಹಿಡಿಯುವುದು ಕಷ್ಟವಾದುದರಿಂದ, ಮೊದಲ ದಿನದಿಂದಲೇ ಪಂಜರವನ್ನು ಕೋಣೆಯಲ್ಲಿ ತೆರೆದಿಟ್ಟು, ದಿನಕ್ಕೊಂದು ಊಟವನ್ನು ಅದರೊಳಗೇ ಕೊಟ್ಟು ರೂಢಿ ಮಾಡಿಸಿರಿ.