ಮನೆಯೊಳಗೆ ಹಿಂಸೆಗೆ ಸಿಕ್ಕವರಿಗೆ ನೆರವಾಗುವುದು ಹೇಗೆ: ಮೊದಲ ಮಾತಿನಿಂದ ಹೊರಬೀಳುವ ದಿನದವರೆಗೆ

ಗೆಳತಿ, ತಂಗಿ, ನೆರೆಮನೆಯವರು, ಜೊತೆಗೆ ಕೆಲಸ ಮಾಡುವವರು, ಯಾರಾದರೊಬ್ಬರು ಒಂದು ದಿನ ನಿಮ್ಮೆದುರು "ಮನೇಲಿ ಹೊಡೀತಾನೆ" ಎಂದು ಬಾಯಿಬಿಡಬಹುದು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಪ್ರಕಟಿಸಿದ ಅಂದಾಜಿನಂತೆ, ಜಗತ್ತಿನ ಸುಮಾರು ಮೂವರು ಮಹಿಳೆಯರಲ್ಲಿ ಒಬ್ಬರು ಸಂಗಾತಿಯಿಂದ ದೈಹಿಕ ಇಲ್ಲವೇ ಲೈಂಗಿಕ ಹಿಂಸೆಯನ್ನೋ, ಬೇರೆಯವರಿಂದ ಲೈಂಗಿಕ ಹಿಂಸೆಯನ್ನೋ ಬದುಕಿನಲ್ಲಿ ಒಮ್ಮೆಯಾದರೂ ಅನುಭವಿಸಿದ್ದಾರೆ. ಹಾಗಾಗಿ ಆ ಮಾತು ನಿಮ್ಮ ಕಿವಿಗೆ ಬೀಳುವ ದಿನಕ್ಕೆ ಮೊದಲೇ ಸಿದ್ಧರಾಗಿರುವುದು ಒಳ್ಳೆಯದು.

ಒಂದು ವಿಷಯ ಮನಸ್ಸಿನಲ್ಲಿರಲಿ. ಬಿಟ್ಟುಬರಬೇಕೇ, ಯಾವಾಗ, ಹೇಗೆ ಎಂಬ ನಿರ್ಧಾರ ಆಕೆಯದ್ದು. ಅಪಾಯ ಕಡಿಮೆಯಾಗುವಂತೆ, ಆಕೆಯ ಕೈಯಲ್ಲಿ ದಾರಿಗಳು ಹೆಚ್ಚಾಗುವಂತೆ ಮಾಡುವುದಷ್ಟೇ ನಿಮ್ಮ ಕೆಲಸ. ಬರವಣಿಗೆಯ ಅನುಕೂಲಕ್ಕೆ "ಆಕೆ" ಎಂದಿದ್ದೇವೆ. ಹಿಂಸೆಗೆ ಸಿಕ್ಕ ಪುರುಷರಿಗೆ, ಲೈಂಗಿಕ ಅಲ್ಪಸಂಖ್ಯಾತರಿಗೆ, ವೃದ್ಧರಿಗೆ, ಅಂಗವಿಕಲರಿಗೆ ಇದೇ ಕ್ರಮ ನಡೆಯುತ್ತದೆ.

ಮೊದಲ ಮಾತು

ಮೊದಲು ಜಾಗ ನೋಡಿ. ಮಾತು ಕಲಿತ ಮಗು ಕೂಡ ಪಕ್ಕದಲ್ಲಿರಬಾರದು, ಕೇಳಿದ್ದನ್ನು ಮನೆಯಲ್ಲಿ ಮುಗ್ಧವಾಗಿ ಹೇಳಿಬಿಡುತ್ತದೆ. ಫೋನಿನಲ್ಲಾದರೆ "ಈಗ ಮಾತಾಡಬಹುದಾ?" ಎಂದೇ ಶುರುಮಾಡಿ, ಮುಂದಿನ ಪ್ರಶ್ನೆಗಳಿಗೆ "ಹೌದು", "ಇಲ್ಲ" ಎಂದಷ್ಟೇ ಹೇಳಿದರೂ ಸಾಕಾಗುವಂತೆ ಕೇಳಿ.

ವಿಶ್ವ ಆರೋಗ್ಯ ಸಂಸ್ಥೆ ಆರೋಗ್ಯ ಕಾರ್ಯಕರ್ತರಿಗಾಗಿ 2014ರಲ್ಲಿ ತಂದ ಕೈಪಿಡಿ ಐದು ಹೆಜ್ಜೆಗಳನ್ನು ಹೇಳುತ್ತದೆ: ಕೇಳಿಸಿಕೊಳ್ಳುವುದು, ಏನು ಬೇಕೆಂದು ವಿಚಾರಿಸುವುದು, ನಂಬಿದ್ದೇನೆಂದು ತಿಳಿಸುವುದು, ಸುರಕ್ಷತೆ ಹೆಚ್ಚಿಸುವುದು, ಮುಂದಿನ ನೆರವಿಗೆ ಜೋಡಿಸುವುದು. ತರಬೇತಿ ಇಲ್ಲದವರೂ ಇದನ್ನು ಪಾಲಿಸಬಹುದು. ಹೆಚ್ಚಿನವರು ಬಿಟ್ಟುಬಿಡುವುದು ಮೂರನೆಯದನ್ನು. "ನೀನು ಹೇಳಿದ್ದನ್ನು ನಂಬ್ತೀನಿ. ಇದರಲ್ಲಿ ನಿನ್ನ ತಪ್ಪಿಲ್ಲ. ಈಗ ನಿನಗೆ ಏನು ಬೇಕು?" ಎಂಬ ಮೂರು ವಾಕ್ಯ ಸಾಕು. "ನೀನೇನು ಮಾಡಿದ್ದೆ?", "ಇಷ್ಟು ದಿನ ಯಾಕೆ ಸುಮ್ಮನಿದ್ದೆ?", "ಮಕ್ಕಳ ಮುಖ ನೋಡಿ ಹೊಂದಿಕೊಂಡು ಹೋಗು" ಎನ್ನಬೇಡಿ. ತಪ್ಪು ನಿನ್ನದೇ ಎಂದು ಹೊಡೆಯುವವನು ದಿನವೂ ಹೇಳುತ್ತಿರುತ್ತಾನೆ. ನಿಮ್ಮಿಂದಲೂ ಅದೇ ಕೇಳಿದರೆ ಆಕೆ ಮತ್ತೆ ಯಾರ ಬಳಿಯೂ ಬಾಯಿಬಿಡಲಿಕ್ಕಿಲ್ಲ.

ಗುಟ್ಟು ಕಾಪಾಡುತ್ತೇನೆ ಎನ್ನುವ ಮೊದಲೇ ನಿಮ್ಮ ಮಿತಿ ಹೇಳಿಬಿಡಿ. ಮಗುವಿಗೆ ಹಿಂಸೆಯಾಗುತ್ತಿದ್ದರೆ, ಜೀವಕ್ಕೆ ಕುತ್ತು ಎದುರಿಗೇ ಇದ್ದರೆ ಸುಮ್ಮನಿರಲಾಗದು ಎಂಬುದು ಆಕೆಗೆ ಮುಂಚಿತವಾಗಿ ತಿಳಿದಿರಬೇಕು.

ಅಪಾಯ ಎಷ್ಟು ಹತ್ತಿರದಲ್ಲಿದೆ

ಅಮೆರಿಕದ ನರ್ಸ್ ಹಾಗೂ ಸಂಶೋಧಕಿ ಜಾಕ್ವೆಲಿನ್ ಕ್ಯಾಂಪ್‌ಬೆಲ್ 1985ರಲ್ಲಿ ಇಂಥ ಸಂದರ್ಭಕ್ಕೆಂದೇ ಒಂದು ಅಪಾಯ ಅಂದಾಜು ಪಟ್ಟಿ ರೂಪಿಸಿದರು. ಅದರಲ್ಲಿ ಬರುವಂಥ ಪ್ರಶ್ನೆಗಳಿವು: ಇತ್ತೀಚೆಗೆ ಹೊಡೆತ ಹೆಚ್ಚಾಗಿದೆಯೇ? ಆಯುಧ ಕೈಗೆಟುಕುವಂತಿದೆಯೇ? ಕೊಲ್ಲುತ್ತೇನೆಂದು ಬೆದರಿಸಿದ್ದಾನೆಯೇ? ತಾನೇ ಸಾಯುತ್ತೇನೆ ಎನ್ನುತ್ತಾನೆಯೇ? ಗರ್ಭಿಣಿಯಾಗಿದ್ದಾಗ ಹೊಡೆದಿದ್ದನೇ? ಎಲ್ಲಿ ಹೋದರೂ ಹಿಂಬಾಲಿಸುತ್ತಾನೆಯೇ? ಕತ್ತು ಹಿಸುಕಿದ್ದಾನೆಯೇ?

ಕೊನೆಯ ಪ್ರಶ್ನೆಯನ್ನು ಬಿಡಿಸಿ ಕೇಳಲೇಬೇಕು. ಸಂಗಾತಿ ಹಿಂದೊಮ್ಮೆ ಕತ್ತು ಹಿಸುಕಿದ್ದರೆ, ಮುಂದೆ ಅವನಿಂದಲೇ ಕೊಲೆಯಾಗುವ ಸಂಭವ ಏಳು ಪಟ್ಟಿಗೂ ಹೆಚ್ಚು ಎಂದು ಅಮೆರಿಕದಲ್ಲಿ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನ ಕಂಡುಕೊಂಡಿತು. ಆದರೂ ಇದನ್ನು ತಾವಾಗಿ ಹೇಳುವವರು ಕಡಿಮೆ. ಎಷ್ಟೋ ಸಲ ಹೊರಗೆ ಗುರುತೇ ಇರುವುದಿಲ್ಲ, "ಸ್ವಲ್ಪ ಹಿಡಿದ, ಬಿಟ್ಟ ಅಷ್ಟೇ" ಎಂದು ಹಗುರವಾಗಿ ಹೇಳಿ ಮುಗಿಸುತ್ತಾರೆ. ದನಿ ಒಡೆದಿದೆಯೇ, ನುಂಗಲು ಕಷ್ಟವೇ, ಕಣ್ಣಿನ ಬಿಳಿಭಾಗದಲ್ಲಿ ಸಣ್ಣ ಕೆಂಪು ಚುಕ್ಕೆಗಳಿವೆಯೇ, ಆಗ ಪ್ರಜ್ಞೆ ತಪ್ಪಿತ್ತೇ, ಅರಿವಿಲ್ಲದೆ ಮೂತ್ರ ಹೋಗಿತ್ತೇ ಎಂದು ಒಂದೊಂದಾಗಿ ಕೇಳಿ. ಒಂದಕ್ಕೆ ಹೌದು ಎಂದರೂ ಆ ದಿನವೇ ಆಸ್ಪತ್ರೆಗೆ ಕರೆದೊಯ್ಯಿರಿ. ಕತ್ತಿನ ರಕ್ತನಾಳದ ಒಳಪದರ ಹರಿದಿದ್ದರೆ ಕೆಲವು ದಿನ ಕಳೆದ ಮೇಲೂ ಪಾರ್ಶ್ವವಾಯು ಹೊಡೆಯಬಹುದು. ವೈದ್ಯರಿಗೆ "ಗಲಾಟೆಯಾಯ್ತು" ಎನ್ನದೆ "ಕತ್ತು ಹಿಸುಕಿದ" ಎಂದೇ ಹೇಳಬೇಕು. ಇಲ್ಲದಿದ್ದರೆ ಬೇಕಾದ ಸ್ಕ್ಯಾನ್ ಆಗದೆ ಹೋಗಬಹುದು.

ಅಲ್ಲೇ ಇರುವಷ್ಟು ದಿನದ ಸುರಕ್ಷತಾ ಯೋಜನೆ

ಆಕೆ ತಕ್ಷಣ ಹೊರಡದೆ ಇರಬಹುದು. ಹಣ, ಮಕ್ಕಳು, ವೀಸಾ, ಕಾಯಿಲೆ, ಭಯ ಎಲ್ಲವೂ ನಿಜವಾದ ಕಾರಣಗಳೇ. ಅಲ್ಲಿಯವರೆಗೆ ಜಗಳ ಏರುವ ಸೂಚನೆ ಸಿಕ್ಕ ಕೂಡಲೇ ಅಡುಗೆಮನೆ, ಬಚ್ಚಲುಮನೆಗಳಿಂದ ಹೊರಬರುವುದನ್ನು ರೂಢಿ ಮಾಡಿಕೊಳ್ಳಲಿ. ಮೊದಲನೆಯದರಲ್ಲಿ ಚಾಕು, ಬೆಂಕಿ. ಎರಡನೆಯದರಲ್ಲಿ ಗಟ್ಟಿ ನೆಲ, ಒಂದೇ ಬಾಗಿಲು. ಹೊರಬಾಗಿಲಿಗೆ ಹತ್ತಿರದ ಕೋಣೆ ಯಾವುದು, ರಾತ್ರಿ ಅದರ ಚಿಲಕ ಸದ್ದಿಲ್ಲದೆ ತೆಗೆಯಬಹುದೇ ಎಂದು ಅವನಿಲ್ಲದಾಗ ನೋಡಿಟ್ಟುಕೊಳ್ಳಲಿ.

ಇಬ್ಬರೂ ಸೇರಿ ಒಂದು ಸಂಕೇತ ಪದ ಆರಿಸಿಕೊಳ್ಳಿ. ಅದು ದಿನಬಳಕೆಯ ಮಾತಿನಲ್ಲಿ ಸಹಜವಾಗಿ ಸೇರುವಂತಿರಬೇಕು, ಅಪ್ಪಿತಪ್ಪಿ ಬಾಯಿಗೆ ಬರುವಂಥದ್ದಾಗಿರಬಾರದು. ಅದು ಕೇಳಿದಾಗ ನೀವು ಏನು ಮಾಡುತ್ತೀರಿ ಎಂಬುದೂ ಗೊತ್ತಾಗಿರಲಿ: ತುರ್ತು ಸೇವೆಗೆ ಕರೆ ಮಾಡುವುದೇ, ನೆಪ ಹೇಳಿ ಬಾಗಿಲು ಬಡಿಯುವುದೇ? ಪದ ನಿಗದಿಯಾಗಿ ಕ್ರಮ ನಿಗದಿಯಾಗದಿದ್ದರೆ ಆ ಗಳಿಗೆಯಲ್ಲಿ ನೀವೂ ಗಲಿಬಿಲಿಗೊಳ್ಳುತ್ತೀರಿ.

ಮಕ್ಕಳಿಗೆ ಹೇಳಿಕೊಡಬೇಕಾದ್ದು ಮೂರು: ನಡುವೆ ಬರಬಾರದು, ಯಾವ ಮನೆಗೆ ಓಡಬೇಕು, ತುರ್ತು ಸಂಖ್ಯೆಗೆ ಕರೆ ಮಾಡಿ ವಿಳಾಸ ಹೇಗೆ ಹೇಳಬೇಕು. ಅಮ್ಮನನ್ನು ಕಾಪಾಡುವುದು ತಮ್ಮ ಹೊಣೆ ಎಂಬ ಭಾರ ಅವರ ಮೇಲೆ ಬೀಳಬಾರದು.

ಫೋನ್

ಕೆಲಸ ಕೆಡುವುದು ಹೆಚ್ಚಾಗಿ ಇಲ್ಲೇ. ಗಾಯದ ಫೋಟೋ ತೆಗೆದ ಕೆಲವೇ ಸೆಕೆಂಡಿನಲ್ಲಿ ಅದು ಇಬ್ಬರ ಹಂಚಿಕೆಯ ಕ್ಲೌಡ್ ಖಾತೆಗೆ ಹೋಗಿ ಅವನ ಫೋನಿನಲ್ಲೂ ಕಾಣಿಸಬಹುದು. ಆದ್ದರಿಂದ ಫೋಟೋಗಳನ್ನು ನಿಮ್ಮ ಫೋನಿನಲ್ಲೇ ತೆಗೆಯಿರಿ. ಸಹಾಯವಾಣಿ ಹುಡುಕುವುದು, ವಕೀಲರಿಗೆ ಬರೆಯುವುದು ಕೂಡ ಅವನ ಕೈಗೆ ಎಂದೂ ಸಿಗದ ಸಾಧನದಿಂದ, ಹೊಸ ಇಮೇಲ್ ಖಾತೆಯಿಂದ ಆಗಲಿ.

ಆಕೆಯ ಫೋನಿನಲ್ಲಿ ಗೂಢಚಾರ ಆ್ಯಪ್ ಇದೆಯೆಂಬ ಅನುಮಾನ ಬಂದರೆ ತಕ್ಷಣ ಅಳಿಸಿಹಾಕಬೇಡಿ. ಲೊಕೇಶನ್ ಹಂಚಿಕೆಯನ್ನೂ ದಿಢೀರನೆ ನಿಲ್ಲಿಸಬೇಡಿ. ನಿಗಾ ತಪ್ಪಿತೆಂದು ಅವನಿಗೆ ಗೊತ್ತಾದ ಕ್ಷಣವೇ ಹಿಂಸೆ ಏರಬಹುದು, ಸಾಕ್ಷ್ಯವೂ ಹೋಗುತ್ತದೆ. ಹಳೆಯ ಫೋನ್ ಎಂದಿನಂತೆ ನಡೆಯುತ್ತಿರಲಿ. ಹೊರಡುವ ದಿನ ಅದನ್ನು ಆಫ್ ಮಾಡಿ. ಚೀಲ, ವಾಹನ, ಮಕ್ಕಳ ಆಟಿಕೆಗಳಲ್ಲಿ ಟ್ರ್ಯಾಕರ್ ಇದೆಯೇ ಎಂದು ತಡಕಿ ನೋಡಿ.

ಗಾಯ, ಸಾಕ್ಷ್ಯ, ಗಡುವು

ಪ್ರತಿ ಗಾಯಕ್ಕೂ ಎರಡು ಫೋಟೋ ಬೇಕು: ಮುಖ ಸೇರಿದಂತೆ ದೂರದಿಂದ ಒಂದು, ಅಳತೆ ತಿಳಿಯುವಂತೆ ಪಕ್ಕದಲ್ಲಿ ನಾಣ್ಯವನ್ನೋ ಸ್ಕೇಲನ್ನೋ ಇಟ್ಟು ಹತ್ತಿರದಿಂದ ಇನ್ನೊಂದು. ಎರಡು ಮೂರು ದಿನ ಬಿಟ್ಟು ಮತ್ತೆ ತೆಗೆಯಿರಿ, ಏಟು ಬಿದ್ದ ಜಾಗ ಕಂದುವುದು ಆಮೇಲೆಯೇ ಚೆನ್ನಾಗಿ ಕಾಣುತ್ತದೆ. ಫಿಲ್ಟರ್, ಕತ್ತರಿ ಪ್ರಯೋಗ ಬೇಡ. ಮೆಸೇಜಿಂಗ್ ಆ್ಯಪ್‌ನಲ್ಲಿ ಕಳಿಸಿದ ಪ್ರತಿಯಲ್ಲಿ ದಿನಾಂಕ, ಸಮಯದ ವಿವರ ಕಳೆದುಹೋಗುವುದುಂಟು, ಮೂಲ ಫೈಲನ್ನೇ ಉಳಿಸಿಕೊಳ್ಳಿ. ಜೊತೆಗೆ ಏನಾಯಿತೆಂದು ಆಕೆಯದೇ ಮಾತಿನಲ್ಲಿ, ದಿನಾಂಕ ಹಾಕಿ ಬರೆದಿಡಿ.

ಲೈಂಗಿಕ ಹಿಂಸೆಯಾಗಿದ್ದರೆ ಗಂಟೆಗಳ ಲೆಕ್ಕ. ಎಚ್‌ಐವಿ ತಡೆಯುವ ಔಷಧವನ್ನು 72 ಗಂಟೆಯೊಳಗೆ ಶುರುಮಾಡಿ 28 ದಿನ ತೆಗೆದುಕೊಳ್ಳಬೇಕು. ತುರ್ತು ಗರ್ಭನಿರೋಧಕಕ್ಕೆ 120 ಗಂಟೆಯವರೆಗೆ ಅವಕಾಶವಿದೆ, ಆದರೆ ತಡವಾದಷ್ಟೂ ಅದರ ಪರಿಣಾಮ ಕುಗ್ಗುತ್ತದೆ. ತೊಟ್ಟಿದ್ದ ಬಟ್ಟೆಗಳನ್ನು ಒಂದೊಂದು ಕಾಗದದ ಚೀಲದಲ್ಲಿ ಬೇರೆಬೇರೆಯಾಗಿ ಇಡಿ. ಪ್ಲಾಸ್ಟಿಕ್‌ನಲ್ಲಿ ತೇವ ನಿಂತು ಬೂಷ್ಟು ಹಿಡಿಯುತ್ತದೆ, ಡಿಎನ್‌ಎ ಹಾಳಾಗುತ್ತದೆ. ವೈದ್ಯಕೀಯ ಪರೀಕ್ಷೆಗೆ ಮೊದಲು ಸ್ನಾನ ಮಾಡದಿದ್ದರೆ ಒಳ್ಳೆಯದು. ಮಾಡಿಬಿಟ್ಟಿದ್ದರೂ ಹೋಗಿ, ಚಿಕಿತ್ಸೆಗೆ ಅದರಿಂದ ಏನೂ ಅಡ್ಡಿಯಿಲ್ಲ.

ಹೊರಡುವುದು

ಬಿಟ್ಟುಹೋಗುವ ಗಳಿಗೆ ಮತ್ತು ಅದರ ನಂತರದ ವಾರಗಳೇ ಅತ್ಯಂತ ಅಪಾಯಕಾರಿ. ಹಿಡಿತ ಜಾರುತ್ತಿದೆ ಎನ್ನಿಸಿದಾಗ ಅದನ್ನು ಉಳಿಸಿಕೊಳ್ಳಲು ಅವನು ಎಂದೂ ಮಾಡದ್ದನ್ನು ಮಾಡಬಹುದು. ಹಾಗಾಗಿ "ನಾನು ಹೋಗ್ತೀನಿ" ಎಂದು ಹೇಳಿ ಹೊರಡಬಾರದು. ಅವನು ಖಚಿತವಾಗಿ ಹೊರಗಿರುವ ಹೊತ್ತು ನೋಡಿ, ಉಳಿಯುವ ಜಾಗ ಮೊದಲೇ ಗೊತ್ತುಮಾಡಿಕೊಂಡು, ಮಕ್ಕಳನ್ನು ಕರೆದುಕೊಂಡೇ ಹೊರಡಬೇಕು. ಮಕ್ಕಳನ್ನು ಆಮೇಲೆ ಕರೆಸಿಕೊಳ್ಳುತ್ತೇನೆಂದು ಬಿಟ್ಟುಬಂದವರಿಗೆ ಅದು ದೊಡ್ಡ ಹೋರಾಟವಾಗಿಬಿಡುತ್ತದೆ.

ಹೊರಡುವಾಗ ಒಯ್ಯಬೇಕಾದ್ದನ್ನು ತುಂಬಿಟ್ಟ ಚೀಲ ನಿಮ್ಮ ಮನೆಯಲ್ಲಿರಲಿ. ಗುರುತಿನ ಪತ್ರಗಳು, ಮಕ್ಕಳ ಜನನ ಪ್ರಮಾಣಪತ್ರ, ಬ್ಯಾಂಕ್ ಮತ್ತು ಮನೆಯ ಕಾಗದಗಳು, ನಿತ್ಯ ತೆಗೆದುಕೊಳ್ಳುವ ಔಷಧ, ಒಂದು ಜೊತೆ ಕೀಲಿ, ನಗದು, ಬಟ್ಟೆ, ಮುಖ್ಯ ಫೋನ್ ಸಂಖ್ಯೆಗಳನ್ನು ಬರೆದ ಚೀಟಿ. ಮೂಲಪತ್ರ ಕಾಣೆಯಾದರೆ ಅವನಿಗೆ ಗೊತ್ತಾಗುವಂತಿದ್ದರೆ ಮೊದಲು ಪ್ರತಿ ಮಾಡಿಸಿ, ಮೂಲವನ್ನು ಕೊನೆಯ ದಿನ ತೆಗೆದುಕೊಳ್ಳಲಿ. ಗಾಲಿಕುರ್ಚಿ, ಶ್ರವಣಸಾಧನ ಬಳಸುವವರಿಗೆ ಅವನೇ ಆರೈಕೆ ಮಾಡುವವನಾಗಿದ್ದರೆ, ಬದಲಿ ಸಾಧನ ಮತ್ತು ಆರೈಕೆಯವರು ಸಿಗದೆ ಯೋಜನೆ ಪೂರ್ತಿಯಾಗದು. ತನ್ನ ಲೈಂಗಿಕತೆಯನ್ನು ಬಯಲು ಮಾಡುತ್ತಾರೆಂಬ ಬೆದರಿಕೆಯಿರುವವರೊಡನೆ, ಹಾಗಾದರೆ ಯಾರಿಗೆ ತಾವೇ ಮೊದಲು ಹೇಳಬಹುದು ಎಂಬುದನ್ನು ಮಾತಾಡಿಕೊಳ್ಳಿ.

ಹಿರಿಯರು "ಕೂರಿಸಿ ಮಾತಾಡೋಣ" ಎಂದಾಗ

ಒಪ್ಪಬೇಡಿ ಎಂಬುದೇ ನಮ್ಮ ಸ್ಪಷ್ಟ ಸಲಹೆ. ಅವನೆದುರು ಆಕೆ ನಿಜ ಹೇಳಿದರೆ ಅದರ ಬೆಲೆಯನ್ನು ಮನೆಗೆ ಹೋದ ಮೇಲೆ ತೆರಬೇಕು, ಹೇಳದಿದ್ದರೆ ಹಿಂಸೆಯೇ ಇರಲಿಲ್ಲ ಎಂದಾಗುತ್ತದೆ. ಇಂಥ ಪ್ರಕರಣಗಳನ್ನು ಕಡ್ಡಾಯವಾಗಿ ರಾಜಿಸಂಧಾನಕ್ಕೆ ಕಳಿಸಬಾರದು ಎಂದು ಮಹಿಳೆಯರ ವಿರುದ್ಧದ ತಾರತಮ್ಯ ನಿವಾರಣೆಯ ವಿಶ್ವಸಂಸ್ಥೆ ಸಮಿತಿ 2017ರ ತನ್ನ 35ನೇ ಸಾಮಾನ್ಯ ಶಿಫಾರಸಿನಲ್ಲಿ ಹೇಳಿದೆ. "ಇದು ಮನೆಯ ವಿಷಯ" ಎನ್ನುವವರಿಗೆ ಮಹಿಳೆಯರ ಮೇಲಿನ ಹಿಂಸೆಯ ನಿವಾರಣೆ ಕುರಿತ 1993ರ ವಿಶ್ವಸಂಸ್ಥೆಯ ಘೋಷಣೆಯನ್ನು ತೋರಿಸಬಹುದು. ಖಾಸಗಿ ಬದುಕಿನಲ್ಲಿ ನಡೆಯುವ ಹಿಂಸೆಯೂ ಅದರ ವ್ಯಾಪ್ತಿಗೆ ಬರುತ್ತದೆ. ಪದ್ಧತಿ, ಸಂಪ್ರದಾಯ, ಧರ್ಮದ ನೆಪದಲ್ಲಿ ಯಾವ ಸರ್ಕಾರವೂ ಹೊಣೆಯಿಂದ ನುಣುಚಿಕೊಳ್ಳಬಾರದು ಎಂದು ಅದು ಹೇಳುತ್ತದೆ.

ಆಕೆ ವಾಪಸ್ ಹೋದರೆ

ಹೋಗುವವರು ಬಹಳ. ಕೋಪ ಬರುವುದು ಸಹಜ, ಅದನ್ನು ಆಕೆಯ ಮೇಲೆ ತೋರಿಸಬೇಡಿ. "ಇಷ್ಟೆಲ್ಲ ಮಾಡಿದೆ, ಇನ್ನು ನನ್ನನ್ನು ಕೇಳಬೇಡ" ಎಂಬ ಒಂದು ಮಾತು ಸಾಕು, ಮುಂದಿನ ಸಲ ಜೀವ ಹೋಗುವಂತಿದ್ದರೂ ಆಕೆ ಕರೆ ಮಾಡುವುದಿಲ್ಲ. ಅವನನ್ನು ಬೈಯುವುದೂ ಬೇಡ. ಅದನ್ನು ಆಕೆಯೇ ಅವನಿಗೆ ಹೇಳುವ ಸಂದರ್ಭ ಬಂದರೆ ಮೊದಲು ಕಡಿಯುವುದು ನಿಮ್ಮಿಬ್ಬರ ಸಂಪರ್ಕ. ವಾರಕ್ಕೊಮ್ಮೆ ಬೇರೆ ಯಾವುದೋ ಮಾತಿಗಾಗಿ ಕರೆ ಮಾಡುತ್ತಿರಿ. ಹಳೆಯ ಸಂಕೇತ ಪದ ಅವನಿಗೆ ಗೊತ್ತಾಗಿರಬಹುದು, ಹೊಸದು ಆರಿಸಿ. ಚೀಲದಲ್ಲಿರುವ ಔಷಧಗಳ ಅವಧಿ ಮುಗಿದಿದೆಯೇ, ಮಕ್ಕಳ ಬಟ್ಟೆ ಇನ್ನೂ ಅಳತೆಗೆ ಸರಿಯಿದೆಯೇ ಎಂದು ಆರು ತಿಂಗಳಿಗೊಮ್ಮೆ ನೋಡಿ ಬದಲಿಸಿ.